ಶಿರಾಡಿ ಘಾಟಿ ಹತ್ತಿದ ಡೀಸೆಲ್

ಹೊಸ ಪಿಕಪ್ ಮನೆಗೆ ಬಂದ ವಾರ, ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ಕೊಡುತ್ತೆ?" ಬಣ್ಣ, ಬೆಲೆ, ಎಂಜಿನ್ ಎಲ್ಲ ಆಮೇಲೆ. ನನಗೂ ಅದೇ ಕುತೂಹಲ ಇತ್ತು. ಗಾಡಿಯಲ್ಲೇ ಒಂದು ಸಣ್ಣ ನೋಟ್‌ಬುಕ್ ಇಟ್ಟೆ. ಪ್ರತಿ ಸಲವೂ ಪಂಪ್ ತಾನಾಗಿ ಕಟ್ ಆಗುವ ತನಕ ತುಂಬಿಸುವುದು, ಓಡಿದ ಕಿಲೋಮೀಟರ್ ಮತ್ತು ಹಿಡಿದ ಲೀಟರ್ ಬರೆಯುವುದು, ಪಕ್ಕದಲ್ಲಿ ಹೋದ ದಾರಿಯ ಹೆಸರು. ಎಂಟು ತಿಂಗಳ ಪುಟ ತಿರುವಿದರೆ ಲೀಟರಿಗೆ 7 ಕಿಲೋಮೀಟರೂ ಸಿಗುತ್ತದೆ, 14 ಕಿಲೋಮೀಟರೂ ಸಿಗುತ್ತದೆ. ಗಾಡಿ ಅದೇ, ಓಡಿಸಿದ್ದೂ ನಾನೇ.

ನಮ್ಮದು ಸಕಲೇಶಪುರದ ಕಡೆ ಕಾಫಿ ತೋಟ. ಗಾಡಿ ಡಬಲ್ ಕ್ಯಾಬ್. ತೂಕ ಹತ್ತಿರ ಹತ್ತಿರ 2 ಟನ್. 1.9 ಲೀಟರಿನ ಡೀಸೆಲ್ ಎಂಜಿನ್, 6 ಗೇರಿನ ಆಟೊಮ್ಯಾಟಿಕ್. ನೋಟ್‌ಬುಕ್‌ನಲ್ಲಿ ನನಗೆ ಬಹಳ ಇಷ್ಟವಾದದ್ದು ಮಂಗಳೂರಿಗೆ ಹೋಗಿ ಬಂದ ಒಂದು ದಿನದ ಪುಟ. ಒಂದು ಕಡೆಗೆ ಸುಮಾರು 130 ಕಿಲೋಮೀಟರ್. ಹೋಗುವಾಗ ಹಿಂದೆ ಖಾಲಿ, ಮುಂದೆ ನಾನು ಮತ್ತು ಅಪ್ಪ. ಕುಡಿದದ್ದು 9 ಲೀಟರ್. ಬರುವಾಗ 50 ಕೇಜಿಯ 10 ಚೀಲ ಗೊಬ್ಬರ ಇತ್ತು. ಕುಡಿದದ್ದು 13 ಲೀಟರ್. ಅದೇ ರಸ್ತೆ, ನಾಲ್ಕು ಲೀಟರ್ ವ್ಯತ್ಯಾಸ. ಈ ನಾಲ್ಕು ಲೀಟರ್ ಎಲ್ಲಿ ಹೋಯಿತು ಅಂತ ನೋಡೋಣ.

ಮೊದಲು ಒಂದು ಲೀಟರ್ ಡೀಸೆಲ್‌ನಲ್ಲಿ ಎಷ್ಟು ಶಕ್ತಿ ಇದೆ ಅಂತ ತಿಳಿಯಬೇಕು. ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಹೇಳಿದರೆ ಸುಮಾರು 10 ಯೂನಿಟ್. ಎಷ್ಟೋ ಸಣ್ಣ ಮನೆಗಳಿಗೆ ಎರಡು ಮೂರು ದಿನಕ್ಕೆ ಸಾಕಾಗುವಷ್ಟು! ಆದರೆ ಅದರಲ್ಲಿ ಎಂಜಿನ್ ಕೆಲಸಕ್ಕೆ ಬಳಸುವುದು ಮೂರೂವರೆ ಯೂನಿಟ್ ಮಾತ್ರ. ಉಳಿದದ್ದು ಸೈಲೆನ್ಸರ್ ಮತ್ತು ರೇಡಿಯೇಟರ್ ಮೂಲಕ ಬಿಸಿಯಾಗಿ ಹೊರಗೆ ಹೋಗುತ್ತದೆ. ಇದನ್ನು ಕೇಳಿ ಬೇಜಾರಾಗಬೇಕಿಲ್ಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ತನ್ನ ಎಂಜಿನ್ನನ್ನು ಪರೀಕ್ಷೆಗೆ ಒಡ್ಡಿದಾಗ ನೂರರಲ್ಲಿ 26 ಪಾಲು ಕೆಲಸಕ್ಕೆ ಸಿಕ್ಕಿತು. ಆ ಕಾಲದ ಉಗಿ ಎಂಜಿನ್‌ಗಳ ಮುಂದೆ ಅದೇ ದೊಡ್ಡ ಸುದ್ದಿ. ಅವನ ಉಪಾಯ ಸರಳ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದೆ, ಅಲ್ವಾ? ಹಾಗೇ ಗಾಳಿಯನ್ನು ಜೋರಾಗಿ ಒತ್ತಿದರೆ, ಅದು ಕಿಡಿ ಇಲ್ಲದೆಯೇ ಡೀಸೆಲ್ ಹೊತ್ತಿಕೊಳ್ಳುವಷ್ಟು ಕಾಯುತ್ತದೆ.

ಈಗ ದಾರಿಯಲ್ಲಿ ಸಿಗುವ ಶಿರಾಡಿ ಘಾಟಿ. ಮಂಗಳೂರು ಸಮುದ್ರದ ಮಟ್ಟದಲ್ಲಿದೆ. ಸಕಲೇಶಪುರ ಅದಕ್ಕಿಂತ 900 ಮೀಟರ್ ಮೇಲಿದೆ ಅಂತ ಇಟ್ಟುಕೊಳ್ಳಿ. ಗಾಡಿ, ನಾವಿಬ್ಬರು, ಗೊಬ್ಬರ ಎಲ್ಲ ಸೇರಿ ಸುಮಾರು 2650 ಕೇಜಿ. ಇಷ್ಟು ಭಾರವನ್ನು 900 ಮೀಟರ್ ಮೇಲೆತ್ತಲು ಆರೂವರೆ ಯೂನಿಟ್ ಬೇಕು. ಲೀಟರಿಗೆ ಮೂರೂವರೆ ಸಿಗುವುದಾದರೆ ಬರೀ ಎತ್ತರಕ್ಕೇ 1.9 ಲೀಟರ್ ಹೋಯಿತು. ಅದರಲ್ಲಿ ಗೊಬ್ಬರದ ಪಾಲು ಎಷ್ಟು ಗೊತ್ತಾ? ಒಂದು ಲೀಟರಿನ ಮೂರನೇ ಒಂದು ಭಾಗ, ಅಷ್ಟೇ. ಅರ್ಧ ಟನ್ ಗೊಬ್ಬರವನ್ನು ಕಡಲ ತೀರದಿಂದ ಮಲೆನಾಡಿಗೆ ಎತ್ತಿದ್ದಕ್ಕೆ ಇಷ್ಟು ಕಡಿಮೆಯಾ ಅಂತ ನಾನು ಮೂರು ಸಲ ಲೆಕ್ಕ ಮಾಡಿದೆ. ಅದೇ ಬಂತು. ಭಾರ ಜಾಸ್ತಿಯಾದಾಗ ಟಯರ್ ಉರುಳುವುದೂ ಕಷ್ಟವಾಗುತ್ತದೆ. ಅದಕ್ಕೆ ಇನ್ನೊಂದಿಷ್ಟು ಹೋಗಿದೆ.

ಉಳಿದ ವ್ಯತ್ಯಾಸದ ಗುಟ್ಟು ಇಳಿಯುವ ದಾರಿಯಲ್ಲಿದೆ. ಅಪ್ಪ ಜೀಪ್ ಓಡಿಸಿ ಪಳಗಿದವರು. ಹೋಗುವಾಗ ಘಾಟಿಯ ಮಾರನಹಳ್ಳಿ ದಾಟಿದ ಕೂಡಲೇ ಅವರು ಹೇಳಿದರು, "ಇಳಿಜಾರು ಬಂತಲ್ಲ, ನ್ಯೂಟ್ರಲ್‌ಗೆ ಹಾಕು ಮಗ. ಡೀಸೆಲ್ ಉಳಿಯುತ್ತೆ."

ನಾನು ಹಾಕಲಿಲ್ಲ. ನ್ಯೂಟ್ರಲ್‌ನಲ್ಲಿ ಎಂಜಿನ್‌ಗೂ ಚಕ್ರಕ್ಕೂ ಸಂಬಂಧ ಇಲ್ಲ. ಹಾಗಾಗಿ ಎಂಜಿನ್ ನಿಂತುಹೋಗದಂತೆ ನೋಡಿಕೊಳ್ಳಲು ಸ್ವಲ್ಪ ಡೀಸೆಲ್ ಸುಡುತ್ತಲೇ ಇರಬೇಕು. ಗೇರಿನಲ್ಲೇ ಬಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಉರುಳುವ ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ಅದನ್ನು ಎಂಜಿನ್ನಿನ ಕಂಪ್ಯೂಟರ್ ಗಮನಿಸಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳನ್ನು ಪೂರ್ತಿ ಮುಚ್ಚಿಬಿಡುತ್ತದೆ. ಆಗ ಒಂದು ಹನಿ ಡೀಸೆಲ್ಲೂ ಒಳಗೆ ಹೋಗುವುದಿಲ್ಲ. ಆಟೊಮ್ಯಾಟಿಕ್‌ನಲ್ಲಿ ಲಿವರನ್ನು ಮ್ಯಾನುಯಲ್ ಕಡೆಗೆ ತಳ್ಳಿ ಮೂರನೇ ಗೇರಿಗೋ ಎರಡನೇ ಗೇರಿಗೋ ತಂದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಅಪ್ಪನಿಗೆ ಡ್ಯಾಶ್‌ಬೋರ್ಡ್ ತೋರಿಸಿದೆ. ಆ ಕ್ಷಣದ ಮೈಲೇಜ್ ತೋರಿಸುವ ಗೆರೆ ತುದಿ ಮುಟ್ಟಿ ನಿಂತಿತ್ತು. ಅವರು ಏನೂ ಹೇಳದೆ ಅದನ್ನೇ ನೋಡುತ್ತಾ ಕೂತರು.

ಡೀಸೆಲ್‌ಗಿಂತ ದೊಡ್ಡ ವಿಷಯ ಇನ್ನೊಂದಿದೆ. ಹತ್ತುವಾಗ ಕೂಡಿಟ್ಟ ಶಕ್ತಿ ಇಳಿಯುವಾಗ ಎಲ್ಲಾದರೂ ಹೋಗಲೇಬೇಕು. ಗಾಳಿ ಮತ್ತು ಟಯರ್ ತಿಂದು ಉಳಿದದ್ದನ್ನು ನ್ಯೂಟ್ರಲ್‌ನಲ್ಲಿ ಬ್ರೇಕ್ ಒಂದೇ ನುಂಗಬೇಕು. ಬ್ರೇಕ್ ಕಾದಷ್ಟೂ ಹಿಡಿತ ಕಡಿಮೆಯಾಗುತ್ತದೆ. ದಯವಿಟ್ಟು ಘಾಟಿಯಲ್ಲಿ ಯಾರೂ ನ್ಯೂಟ್ರಲ್‌ಗೆ ಹಾಕಬೇಡಿ.

ಇಲ್ಲಿ ಲೆಕ್ಕದ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಹೋಗುವಾಗ ಲೀಟರಿಗೆ 14.4, ಬರುವಾಗ 10. ಸರಾಸರಿ 12.2 ಅನ್ನಬೇಡಿ. ಒಟ್ಟು 260 ಕಿಲೋಮೀಟರಿಗೆ 22 ಲೀಟರ್ ಹಿಡಿದಿದೆ, ಅಂದರೆ 11.8. ದೂರ ಒಂದೇ ಇದ್ದು ಮೈಲೇಜ್ ಬೇರೆಯಾದಾಗ ಮೈಲೇಜುಗಳನ್ನು ಕೂಡಿ ಎರಡರಿಂದ ಭಾಗಿಸಿದರೆ ಉತ್ತರ ಯಾವಾಗಲೂ ಸ್ವಲ್ಪ ಹೆಚ್ಚಾಗಿಯೇ ಕಾಣುತ್ತದೆ. ಲೀಟರ್ ಕೂಡಿಸಿ, ಕಿಲೋಮೀಟರ್ ಕೂಡಿಸಿ, ಆಮೇಲೆ ಭಾಗಿಸಿ.

ಇನ್ನು ಆ 7ರ ಪುಟಗಳು. ಅವೆಲ್ಲ ತೋಟದೊಳಗಿನ ಓಡಾಟ. ಇದಕ್ಕೆ ಆಟೊಮ್ಯಾಟಿಕ್‌ನ ಹೊಟ್ಟೆಯಲ್ಲಿರುವ ಟಾರ್ಕ್ ಕನ್ವರ್ಟರ್ ಕೂಡ ಒಂದು ಕಾರಣ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಡಿ. ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಇಲ್ಲಿ ಗಾಳಿಯ ಬದಲು ಎಣ್ಣೆ ಇದೆ. ಇದನ್ನು ಜರ್ಮನಿಯ ಹರ್ಮನ್ ಫಾಟಿಂಗರ್ 1905ರಲ್ಲಿ ರೂಪಿಸಿದ್ದು ಹಡಗುಗಳಿಗಾಗಿ. ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಎಣ್ಣೆ ಮಾತ್ರ ಇರುವುದರಿಂದ ಮಳೆಗಾಲದ ಕೆಸರಿನ ಏರಿನಲ್ಲಿ ಗಾಡಿ ಜರ್ಕ್ ಇಲ್ಲದೆ ಹೊರಡುತ್ತದೆ. ಕ್ಲಚ್ ಸುಟ್ಟ ವಾಸನೆ ಇಲ್ಲ. ಎಂಜಿನ್‌ನ ಎಳೆತವನ್ನು ಅದು ಹೆಚ್ಚಿಸಿಯೂ ಕೊಡುತ್ತದೆ. ಆದರೆ ಎರಡು ಫ್ಯಾನ್ ಒಂದೇ ವೇಗದಲ್ಲಿ ತಿರುಗುವುದಿಲ್ಲವಲ್ಲ, ಆ ವ್ಯತ್ಯಾಸವೆಲ್ಲ ಎಣ್ಣೆಯನ್ನು ಕಾಯಿಸಲು ಹೋಗುತ್ತದೆ. ಹೈವೇಯಲ್ಲಿ ಒಂದು ಕ್ಲಚ್ ಬಂದು ಎರಡನ್ನೂ ಲಾಕ್ ಮಾಡುತ್ತದೆ, ನಷ್ಟ ನಿಲ್ಲುತ್ತದೆ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಗೇಟಿನಿಂದ ಕಣಕ್ಕೆ, ಕಣದಿಂದ ಆಳುಗಳ ಲೈನ್ ಮನೆಗಳಿಗೆ ಹೋಗುವಾಗ ಲಾಕ್ ಆಗುವ ಅವಕಾಶವೇ ಇಲ್ಲ. ಅದರ ಮೇಲೆ ಎಂಜಿನ್ ಆನ್ ಇಟ್ಟೇ ಆಳುಗಳ ಜೊತೆ ಮಾತಾಡುವ ಅಭ್ಯಾಸ. ಎಸಿ ಹಾಕಿ ನಿಂತರೆ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಸುಮ್ನೆ ಹೋಗುತ್ತದೆ.

ಘಾಟಿ ಇಳಿಯದೆಯೂ 14 ಬಂದದ್ದು ಹಾಸನ–ಬೆಂಗಳೂರು ಹೈವೇಯಲ್ಲಿ, 80ರ ವೇಗದಲ್ಲಿ. ಅದೇ ರಸ್ತೆಯಲ್ಲಿ 100ಕ್ಕೆ ಹೋದಾಗ 12ಕ್ಕೆ ಇಳಿಯಿತು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ವೇಗ ಹೆಚ್ಚಿದ್ದು ಕಾಲು ಭಾಗ, ತಡೆ ಹೆಚ್ಚಿದ್ದು ಅರ್ಧಕ್ಕಿಂತ ಜಾಸ್ತಿ. ಪಿಕಪ್‌ನ ಎತ್ತರದ ಮೂತಿಗೆ ಇದು ಇನ್ನೂ ದುಬಾರಿ. ಆ 185 ಕಿಲೋಮೀಟರಿನಲ್ಲಿ ಉಳಿಯುವುದು ಹೆಚ್ಚೆಂದರೆ 28 ನಿಮಿಷ, ಹೋಗುವುದು 2 ಲೀಟರಿಗೂ ಹೆಚ್ಚು. ಬ್ರೋಷರ್‌ನಲ್ಲಿ ಬರೆದ ಮೈಲೇಜ್ ನಮಗೆ ಸಿಗದಿರುವುದಕ್ಕೂ ಕಾರಣ ಇದೆ. ಆ ಪರೀಕ್ಷೆ ನಡೆಯುವುದು ಲ್ಯಾಬಿನೊಳಗೆ, ರೋಲರ್‌ಗಳ ಮೇಲೆ. ಅದರಲ್ಲಿ ವೇಗ 90 ದಾಟುವುದೇ ಇಲ್ಲ.

ಕೊನೆಗೆ, ಮೈಲೇಜ್ ಬಿದ್ದಾಗ ನೋಟ್‌ಬುಕ್‌ನಲ್ಲಿ ನಾನು ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ ಕೆಲವು ಸಾಲುಗಳು. 2020ರ ಏಪ್ರಿಲ್ 1ರಿಂದ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂತು. ಡೀಸೆಲ್‌ನಲ್ಲಿದ್ದ ಗಂಧಕ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಸೇರಿತು. ಆ ಮಸಿ ತುಂಬಿದಾಗ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಕಳಿಸಿ ಫಿಲ್ಟರನ್ನು 600 ಡಿಗ್ರಿಯ ಆಸುಪಾಸಿಗೆ ಕಾಯಿಸಿ ಮಸಿಯನ್ನು ಸುಡುತ್ತದೆ. ಆಗ ಐಡಲಿಂಗ್ ಸ್ವಲ್ಪ ಏರುತ್ತದೆ, ಫ್ಯಾನ್ ಜೋರಾಗುತ್ತದೆ, ಮೈಲೇಜ್ ಬೀಳುತ್ತದೆ. ಮಧ್ಯದಲ್ಲೇ ಎಂಜಿನ್ ಆಫ್ ಮಾಡಿದರೆ ಕೆಲಸ ಅರ್ಧಕ್ಕೆ ನಿಂತು ಮುಂದಿನ ಸಲ ಮತ್ತೆ ಮೊದಲಿಂದ. ಹಾಗೆ ಕಳಿಸಿದ ಡೀಸೆಲ್ ಸ್ವಲ್ಪ ಸ್ವಲ್ಪವೇ ಎಂಜಿನ್ ಆಯಿಲ್‌ಗೂ ಸೇರಿ ಅದರ ಮಟ್ಟ ಏರಬಹುದು. ಕೊಯ್ಲಿನ ತಿಂಗಳು ಗಾಡಿ ತೋಟ ಬಿಟ್ಟು ಹೊರಗೆ ಹೋಗಿರಲಿಲ್ಲ. ಕೆಂಪು ಗುರುತುಗಳೆಲ್ಲ ಆ ತಿಂಗಳವೇ. ಈಗ ಭಾನುವಾರ ಬೆಳಿಗ್ಗೆ ಅಪ್ಪನನ್ನು ಕೂರಿಸಿಕೊಂಡು ಹಾಸನದ ರಸ್ತೆಯಲ್ಲಿ ಅರ್ಧ ಗಂಟೆ ನಿಲ್ಲಿಸದೆ ಓಡಿಸಿ ಬರುತ್ತೇನೆ. ಮನೆಗೆ ಬಂದು ಎಂಜಿನ್ ತಣ್ಣಗಾದ ಮೇಲೆ ಆಯಿಲ್ ಕಡ್ಡಿ ಎಳೆದು ನೋಡುವವರು ಅಪ್ಪ. ಮೇಲಿನ ಗೆರೆ ದಾಟಿಲ್ಲ ಅಂತ ಅವರೇ ನೋಟ್‌ಬುಕ್‌ನಲ್ಲಿ ಬರೆಯುತ್ತಾರೆ.