ಪದ ಪರಿಚಯ: ಕಲಾ ಪ್ರದರ್ಶನದ ಕ್ಯಾಟಲಾಗ್

ಪ್ರದರ್ಶನ ನಡೆಯುವುದು ಕೆಲವೇ ದಿನ. ಆಮೇಲೆ ಚಿತ್ರಗಳು ಗೋಡೆಯಿಂದ ಇಳಿದು ಒಂದೊಂದೂ ಒಂದೊಂದು ಮನೆ ಸೇರುತ್ತವೆ. ಅವೆಲ್ಲ ಒಮ್ಮೆ ಒಟ್ಟಿಗಿದ್ದವು ಅನ್ನೋದಕ್ಕೆ ಉಳಿಯುವ ಪುಸ್ತಕವೇ ಕ್ಯಾಟಲಾಗ್. ಚಿತ್ರಗಳ ಫೋಟೊ, ಕಲಾವಿದರ ಪರಿಚಯ, ಒಂದು ಲೇಖನ ಅದರಲ್ಲಿರುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ಪ್ರತಿ ಚಿತ್ರದ ಕೆಳಗಿನ ಪುಟ್ಟ ವಿವರ: ಯಾರು ಬರೆದದ್ದು, ಹೆಸರೇನು, ಯಾವ ವರ್ಷ, ಯಾವ ಮಾಧ್ಯಮ (ತೈಲವರ್ಣವೋ ಜಲವರ್ಣವೋ), ಅಳತೆ ಎಷ್ಟು, ಯಾರ ಸಂಗ್ರಹದ್ದು.

ಈ ವಿವರಕ್ಕೆ ಯಾಕಿಷ್ಟು ಬೆಲೆ? ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಹೆಣ್ಣುಮಗಳ ಚಿತ್ರ ಮೈಸೂರಿನವರಿಗೆಲ್ಲ ಗೊತ್ತು. ಎಷ್ಟೋ ಜನ ಅದನ್ನು ರಾಜಾ ರವಿವರ್ಮನದ್ದು ಅನ್ನುತ್ತಾರೆ, ತೈಲವರ್ಣ ಅಂತಲೂ ನಂಬುತ್ತಾರೆ. ಅದನ್ನು ಬರೆದವರು ಎಸ್.ಎಲ್. ಹಲ್ದಂಕರ್. ಅದು ಜಲವರ್ಣ. ಅಷ್ಟು ಹೆಸರಾದ ಚಿತ್ರಕ್ಕೇ ಹೀಗಾದರೆ, ಈಗಷ್ಟೇ ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಓದು ಮುಗಿಸಿದ ಹುಡುಗಿಯ ಚಿತ್ರದ ಗತಿಯೇನು? ಅಳತೆ ಬರೆಯುವಾಗ ಎತ್ತರ ಮೊದಲು, ಅಗಲ ಆಮೇಲೆ ಬರುವುದು ರೂಢಿ. 60 × 45 ಸೆಂ.ಮೀ. ಅಂದರೆ ನಿಂತ ಚಿತ್ರ. ತಿರುವುಮುರುವಾದರೆ ಮಲಗಿದ ಚಿತ್ರವಾಗಿಬಿಡುತ್ತದೆ.

ಇನ್ನು ಫೋಟೊ. ಮೈಸೂರು ಶೈಲಿಯ ಚಿತ್ರದಲ್ಲಿ ಇದು ನಿಜಕ್ಕೂ ಕಷ್ಟದ ಕೆಲಸ. ಒಡವೆ, ಸೀರೆಯ ಅಂಚು ಇರುವ ಕಡೆ ಗೆಸ್ಸೊ ಕೆಲಸದಿಂದ, ಅಂದರೆ ಅಂಟು ಬೆರೆಸಿದ ಪೇಸ್ಟ್ ಹಚ್ಚಿ, ತುಸುವೇ ಉಬ್ಬಿಸಿ, ಮೇಲೆ ಚಿನ್ನದ ರೇಕು ಅಂಟಿಸಿರುತ್ತಾರೆ. ನೇರ ಫ್ಲ್ಯಾಶ್ ಹೊಡೆದರೆ ಉಬ್ಬು ಮಾಯ, ಚಿನ್ನ ಬರೀ ಬಿಳಿ ಮಚ್ಚೆ. ಬದಿಯಿಂದ ಮೆಲ್ಲಗೆ ಬೆಳಕು ಬಿಟ್ಟರೆ ಸರದ ಒಂದೊಂದು ಮಣಿಗೂ ಸಣ್ಣ ನೆರಳು ಬೀಳುತ್ತದೆ, ಕುಸುರಿ ಎದ್ದು ಕಾಣುತ್ತದೆ. ಹಾಗಿದ್ದರೂ ಮಾಮೂಲಿ ನಾಲ್ಕು ಬಣ್ಣದ ಮುದ್ರಣದಲ್ಲಿ ಚಿನ್ನ ಹೊಳೆಯುವುದಿಲ್ಲ, ಹಳದಿ ಕಂದಾಗಿ ಬರುತ್ತದೆ. ಅದಕ್ಕೇ ಪ್ರೂಫನ್ನು, ಅಂದರೆ ಅಚ್ಚಿಗೆ ಮುಂಚೆ ತೆಗೆದ ಮಾದರಿ ಪುಟವನ್ನು, ಮೊಬೈಲಿನ ಫೋಟೊ ಜೊತೆ ಹೋಲಿಸಬಾರದು. ಮೂಲ ಚಿತ್ರದ ಪಕ್ಕದಲ್ಲೇ, ಹಗಲು ಬೆಳಕಿನಲ್ಲಿ ಹಿಡಿದು ನೋಡಬೇಕು.

ಕ್ಯಾಟಲಾಗ್ ಜೊತೆಗೇ ಕೇಳಿಬರುವ ಇನ್ನೊಂದು ಮಾತು ವಿಷುಯಲ್ ಐಡೆಂಟಿಟಿ. ಆಮಂತ್ರಣ, ಬ್ಯಾನರ್, ಗೋಡೆಯ ಚೀಟಿ, ಕ್ಯಾಟಲಾಗ್ ಎಲ್ಲವೂ ಒಂದೇ ಪ್ರದರ್ಶನದ್ದು ಅಂತ ನೋಡಿದ ತಕ್ಷಣ ಗೊತ್ತಾಗಬೇಕಲ್ವಾ? ಆ ಗುರುತು ಅದು. ಸುಮ್ನೆ ಒಂದು ಲೋಗೊ ಹಾಕಿದರೆ ಆಗುವುದಿಲ್ಲ. ಎರಡು ಮೂರು ಬಣ್ಣ, ಒಂದೆರಡು ಫಾಂಟ್, ಖಾಲಿ ಜಾಗ ಬಿಡುವ ರೀತಿ, ಇಷ್ಟನ್ನು ಮೊದಲೇ ತೀರ್ಮಾನಿಸಿ ಎಲ್ಲ ಕಡೆ ಪಾಲಿಸಬೇಕು. ನನ್ನ ಮಟ್ಟಿಗೆ ಇದು ಚಿತ್ರಗಳಿಗಿಂತ ಜೋರಾಗಿ ಕೂಗಬಾರದು.

ಕನ್ನಡ ಅಕ್ಷರದ ವಿಷಯದಲ್ಲಿ ಮಾತ್ರ ಜಾಸ್ತಿ ಹಠ ಹಿಡಿಯಬೇಕು. ಇಂಗ್ಲಿಷ್‌ಗೆ ಹೊಂದಿಸಿದ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳಲ್ಲಿ ಟೈಪಿಸಿದ ಹಳೆಯ ಫೈಲುಗಳನ್ನು ಈಗ ಎಲ್ಲೆಡೆ ಬಳಸುವ ಅಕ್ಷರ ವ್ಯವಸ್ಥೆಯಾದ ಯೂನಿಕೋಡ್‌ಗೆ ಬದಲಿಸುವಾಗ ಅಕ್ಷರಗಳು ಕೆಡುವುದೂ ಉಂಟು. ಹಾಗಾಗಿ ಪ್ರೆಸ್ಸಿಗೆ ಕಳಿಸುವ ಮುಂಚೆ ಕಲಾವಿದರ ಹೆಸರುಗಳನ್ನು ಅವರಿಗೇ ಒಮ್ಮೆ ತೋರಿಸಿ ಓದಿಸಬೇಕು. ಪುಟಗಳ ಲೆಕ್ಕವನ್ನೂ ಆಗಲೇ ನೋಡಿಕೊಳ್ಳಿ: ನಡುವೆ ಪಿನ್ ಹೊಡೆಯುವ ಪುಸ್ತಕದಲ್ಲಿ ಅವು 4ರ ಗುಣಕದಲ್ಲೇ ಇರಬೇಕು, 16, 20, 24 ಹೀಗೆ.