ಪುಡಿ ಹಾಕುವ ಮುಂಚೆ ಮರಿಯ ಬಾಲ ಎತ್ತಿ ನೋಡಿ

"ಸಾಹೇಬ್ರ, ಈ ಪುಡಿ ಹಾಕಿದ್ರ ಮರಿ ಲಗೂನ ಮೈ ಹಿಡೀತಾವೇನ್ರಿ?"

ಸಂಖ ಕಡೆಯ ಕುರಿಗಾರರೊಬ್ಬರು ಪ್ರೊಬಯಾಟಿಕ್ ಪೊಟ್ಟಣ ಹಿಡಿದುಕೊಂಡು ಬಂದಿದ್ದರು. ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಜತ್ ತಾಲ್ಲೂಕಿನಲ್ಲಿ ಬಕ್ರೀದ್‌ಗೆ ಕೆಲವು ತಿಂಗಳು ಮುಂಚೆ ಈ ಪ್ರಶ್ನೆ ಜಾಸ್ತಿ. ಗಿಳಿಮೂಗಿನ ಮಾಡಗ್ಯಾಳ ತಳಿಯ ಟಗರಿಗೆ ಬರುವ ರೇಟು ನೋಡಿದರೆ ಅವರ ಅವಸರ ತಪ್ಪೂ ಅಲ್ಲ. ನಾನು ಪೊಟ್ಟಣ ನೋಡಲಿಲ್ಲ, ದೊಡ್ಡಿಗೆ ಹೋಗಿ ಮರಿಗಳ ಬಾಲ ಎತ್ತಿ ನೋಡಿದೆ. ನಾಲ್ಕೈದು ಮರಿಗಳ ಬಾಲದ ಕೆಳಗೆ ಉಣ್ಣೆ ಹಸಿಯಾಗಿ ಅಂಟಿಕೊಂಡಿತ್ತು, ಅಂದರೆ ಭೇದಿ. ಇವಕ್ಕೆ ಮೊದಲು ಬೇಕಾದದ್ದು ಹಿಕ್ಕೆ ಪರೀಕ್ಷೆ, ಪುಡಿ ಅಲ್ಲ.

ಪ್ರೊಬಯಾಟಿಕ್ ಅಂದರೆ ಜೀವಂತ ಸೂಕ್ಷ್ಮಜೀವಿಗಳು. ಟಾನಿಕ್ ಅಲ್ಲ, ತೂಕ ಬರಿಸುವ ಇಂಜೆಕ್ಷನ್ನೂ ಅಲ್ಲ. ಹುಟ್ಟಿದ ಮರಿಯ ದೊಡ್ಡಹೊಟ್ಟೆ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ, ಕುಡಿದ ಹಾಲು ಒಳಗಿನ ಒಂದು ಕಾಲುವೆಯಲ್ಲಿ ಹರಿದು ಸೀದಾ ನಾಲ್ಕನೇ ಹೊಟ್ಟೆಗೇ ಹೋಗುತ್ತದೆ. ಎರಡು ವಾರಕ್ಕೆ ಮರಿ ಸೊಪ್ಪು ಕಡಿಯಲು ಶುರು ಮಾಡುತ್ತದೆ, ಸುಮಾರು ಎರಡು ತಿಂಗಳಿಗೆ ಮೇವು ಅರಗಿಸುವ ಹದಕ್ಕೆ ಬರುತ್ತದೆ. ಅಷ್ಟರಲ್ಲಿ ಒಳ್ಳೆ ಸೂಕ್ಷ್ಮಜೀವಿಗಳು ತಾಯಿ ನೆಕ್ಕಿದ್ದರಿಂದ, ಕೆಚ್ಚಲಿನಿಂದ, ಮಣ್ಣಿನಿಂದ ತಾವಾಗಿಯೇ ಸೇರಿಕೊಂಡಿರುತ್ತವೆ. ಹಾಗಾಗಿ ತಾಯಿ ಜೊತೆ ಚೆನ್ನಾಗಿ ಹಾಲು ಕುಡಿದು ಬೆಳೆಯುವ ಮರಿಗೆ ಪುಡಿಯಿಂದ ಕಣ್ಣಿಗೆ ಕಾಣುವಷ್ಟು ಲಾಭ ಸಿಗುವುದು ಕಡಿಮೆ. ಬಾಟಲಿ ಹಾಲಿನ ತಬ್ಬಲಿ ಮರಿ, ಈಗಷ್ಟೇ ಹಾಲು ಬಿಡಿಸಿದ ಮರಿ, ಭೇದಿಯಿಂದ ಎದ್ದ ಮರಿ, ಇವಕ್ಕೆ ಕೊಟ್ಟರೆ ಅರ್ಥವಿದೆ. ಪ್ರಯೋಗಗಳಲ್ಲೂ ಅಷ್ಟೇ, ಕೆಲವು ಕಡೆ ತೂಕ ಹೆಚ್ಚಾಗಿದೆ, ಕೆಲವು ಕಡೆ ಏನೂ ಆಗಿಲ್ಲ.

ಕೊಬ್ಬಿಸಲು ಮೆಕ್ಕೆಜೋಳದ ನುಚ್ಚು ಶುರು ಮಾಡುವವರಿಗೆ ಮಾತ್ರ ನಾನೇ ಯೀಸ್ಟ್ ಹೇಳುತ್ತೇನೆ. ಅದೂ ಒಂದು ಪ್ರೊಬಯಾಟಿಕ್ಕೇ, ಆದರೆ ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರದ ಜಾತಿ. ದೊಡ್ಡಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಗಾಳಿ ಆಗಿಬರುವುದಿಲ್ಲ, ಮೇವಿನ ಜೊತೆ ಒಳಗೆ ಹೋದ ಆಮ್ಲಜನಕವನ್ನು ಯೀಸ್ಟ್ ತಿಂದು ಮುಗಿಸುತ್ತದೆ, ಆಗ ನಾರು ಅರಗಿಸುವವು ಚುರುಕಾಗುತ್ತವೆ, ಕಾಳಿನಿಂದ ಹುಟ್ಟುವ ಹುಳಿಯೂ ಹತೋಟಿಯಲ್ಲಿರುತ್ತದೆ. ಹಾಗಂತ ಒಂದೇ ದಿನ ಬುಟ್ಟಿ ತುಂಬ ಜೋಳ ಸುರಿದರೆ ಯಾವ ಯೀಸ್ಟೂ ಕಾಯುವುದಿಲ್ಲ. ಎರಡು ವಾರ ಹಿಡಿದು ಸ್ವಲ್ಪ ಸ್ವಲ್ಪವೇ ಏರಿಸಬೇಕು.

ನಾನೂ ಹೊಸದರಲ್ಲಿ ಒಂದು ದಡ್ಡತನ ಮಾಡಿದ್ದೆ. ಭೇದಿಗೆ ಆಂಟಿಬಯಾಟಿಕ್ ಬರೆದು, ಅದೇ ಚೀಟಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೆ ಬ್ಯಾಕ್ಟೀರಿಯಾದ ಪುಡಿಯನ್ನೂ ಬರೆದೆ. ಬೆಳಿಗ್ಗೆ ಕೊಟ್ಟ ಜೀವಾಣುವನ್ನು ಅದೇ ಔಷಧಿ ಕೊಲ್ಲುತ್ತಿತ್ತು, ಕುರಿಗಾರನ ದುಡ್ಡು ಸುಮ್ನೆ ಹೋಯಿತು. ಈಗ ಕೋರ್ಸ್ ಮುಗಿದ ಮೇಲೇ ಕೊಡಿಸುತ್ತೇನೆ. ಯೀಸ್ಟ್‌ಗೆ ಈ ತೊಂದರೆ ಇಲ್ಲ, ಆಂಟಿಬಯಾಟಿಕ್ ಅದನ್ನು ಮುಟ್ಟುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಪತ್ರಾಸ್ ಶೆಡ್ಡಿನ ಕಿಟಕಿಯಲ್ಲಿಟ್ಟ ಪೊಟ್ಟಣದಲ್ಲೂ ಜೀವಾಣುಗಳು ಬಿಸಿಗೆ ಸಾಯುತ್ತವೆ. ಕುದಿಯುವ ಬೆಲ್ಲದ ನೀರಿಗೆ ಕಲಸಿ ಕುಡಿಸಿದವರನ್ನೂ ಕಂಡಿದ್ದೇನೆ, ಒಳಗೆ ಹೋದದ್ದು ಬರೀ ಬೆಲ್ಲದ ನೀರು!

ಮರಿ ಹುಟ್ಟಿದ ಮೊದಲ ಕೆಲವು ಗಂಟೆಯೊಳಗೆ ಹೊಟ್ಟೆ ತುಂಬ ಗಿಣ್ಣದ ಹಾಲು ಕುಡಿಸಿ. ಮೂರು ಕೆಜಿ ಮರಿಗೆ ಮೊದಲ ದಿನ ಕಡಿಮೆಯೆಂದರೂ 300 ಮಿಲಿ ಬೇಕು, ಅದೂ ನಾಲ್ಕೈದು ಸಲವಾಗಿ. ಆ ಹಾಲಿಗೆ ಸಾಟಿಯಾಗುವ ಪುಡಿ ಯಾವ ಅಂಗಡಿಯಲ್ಲೂ ಇಲ್ಲ. ಕರುಳುಬೇನೆ ಲಸಿಕೆ, ಜಂತಿನ ಔಷಧಿ ಬಗ್ಗೆ ಮತ್ತೆ ಹೇಳಬೇಕಿಲ್ಲ ಅಲ್ವಾ?

ಸಂಖದವರ ಮರಿಗಳ ಹಿಕ್ಕೆಯಲ್ಲಿ ಕಾಕ್ಸಿಡಿಯಾ ಸಿಕ್ಕಿತು, ಕರುಳಿನಲ್ಲಿ ಬೆಳೆದು ಭೇದಿ ತರುವ ಸೂಕ್ಷ್ಮ ಪರೋಪಜೀವಿ ಅದು. ಔಷಧಿ ಕೊಟ್ಟು, ಒದ್ದೆ ಹಾಸು ತೆಗೆಸಿ, ನೀರಿನ ತೊಟ್ಟಿ ಎತ್ತರಕ್ಕೆ ಇಡಿಸಿದೆವು. ಮೂರು ವಾರ ಬಿಟ್ಟು ಮತ್ತೆ ಬಂದರು, ಕೈಯಲ್ಲಿ ಅದೇ ಪೊಟ್ಟಣ.

"ಈಗರ ಹಾಕ್ಲೇನ್ರಿ?"

"ಹಾಕ್ರಿ. ಆದ್ರ ಹತ್ತು ಮರಿಗಷ್ಟ. ಅದೇ ವಯಸ್ಸಿನ ಇನ್ನ ಹತ್ತಕ್ಕ ಹಾಕಬ್ಯಾಡ್ರಿ, ಬೆನ್ನಿಗೆ ಬಣ್ಣ ಹಚ್ರಿ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಮೇವು ಹಾಕೂ ಮುಂಚೆ ಕಾಟಾಕ್ಕ ತೂಗಿ ಬರ್ಕೋರಿ."

ಮರಿ ತೂಗುವ ಕಾಟಾ ಇರಲಿಲ್ಲ ಅವರ ಹತ್ತಿರ. ನನ್ನದನ್ನೇ ಕೊಟ್ಟು ಕಳಿಸಿದೆ.