ಝೀರೋ ಬಲ್ಬಿನ ಲೆಕ್ಕ

ಕಾಸರಗೋಡಿನ ನಮ್ಮ ಮನೆಯ ದೇವರ ಕೋಣೆಯಲ್ಲಿ ಕೆಂಪು ಬಣ್ಣದ ಪುಟ್ಟ ಬಲ್ಬೊಂದು ವರ್ಷಗಟ್ಟಲೆ ಹಗಲು ರಾತ್ರಿ ಉರಿಯುತ್ತಿತ್ತು. ಅದಕ್ಕೆ ಝೀರೋ ಬಲ್ಬು ಎಂದು ಹೆಸರು. ಹೆಸರೇ ಸೊನ್ನೆಯೆಂದ ಮೇಲೆ ಅದಕ್ಕೆ ಕರೆಂಟೇ ಬೇಡ ಎಂಬ ನಂಬಿಕೆಯೂ ಹೆಸರಿನ ಜೊತೆಗೇ ಬಂದಿತ್ತು. ಚಕ್ರ ತಿರುಗುವ ಹಳೆಯ ಮೀಟರು ಅಷ್ಟು ಸಣ್ಣ ಪ್ರವಾಹವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲವಾದ್ದರಿಂದ ಈ ಹೆಸರು ಬಂತೆಂದು ಹೇಳುವುದುಂಟು. ವಾಸ್ತವದಲ್ಲಿ ಫಿಲಮೆಂಟ್ ಇರುವ ಝೀರೋ ಬಲ್ಬು ಸುಮಾರು 15 ವ್ಯಾಟ್ ಎಳೆಯುತ್ತದೆ. ಎರಡು ತಿಂಗಳಿಗೊಮ್ಮೆ ಬರುವ ನಮ್ಮ ಬಿಲ್ಲಿನ ಅವಧಿಯಲ್ಲಿ ಅದು ಬಿಡುವಿಲ್ಲದೆ ಉರಿದರೆ 21 ಯೂನಿಟ್ ದಾಟುತ್ತದೆ. ಅರ್ಧ ವ್ಯಾಟಿನ ಎಲ್‌ಇಡಿ ಅದೇ ಕೆಲಸಕ್ಕೆ ಒಂದು ಯೂನಿಟನ್ನೂ ಬಳಸುವುದಿಲ್ಲ.

ಚಾವಡಿಯಲ್ಲಿ ದಿನಕ್ಕೆ ಐದು ತಾಸು ಉರಿಯುವ 60 ವ್ಯಾಟಿನ ಬಲ್ಬು ಅದೇ ಎರಡು ತಿಂಗಳಲ್ಲಿ ತಿನ್ನುವುದು 18 ಯೂನಿಟ್. ಹೆಚ್ಚು ಕಡಿಮೆ ಅಷ್ಟೇ ಬೆಳಕು ಕೊಡುವ 9 ವ್ಯಾಟಿನ ಎಲ್‌ಇಡಿಗೆ ಮೂರು ಯೂನಿಟ್ ಕೂಡ ಬೇಡ. ಆದುದರಿಂದ ಮೊದಲು ಬದಲಿಸಬೇಕಾದದ್ದು ಹೆಚ್ಚು ಹೊತ್ತು ಉರಿಯುವ ದೀಪ. ವರ್ಷಕ್ಕೆ ನಾಲ್ಕು ಸಲ ಹೊತ್ತಿಸುವ ಅಟ್ಟದ ಬಲ್ಬು ಹಾಗೆಯೇ ಇದ್ದರೂ ನಷ್ಟವೇನಿಲ್ಲ. ಕೇರಳದಲ್ಲಿ ಮನೆ ಬಳಕೆ ತಿಂಗಳಿಗೆ 250 ಯೂನಿಟ್ ಮೀರಿದರೆ ಹಂತ ಹಂತದ ದರ ಹೋಗಿ, ಬಳಸಿದ ಅಷ್ಟೂ ಯೂನಿಟ್‌ಗೆ ಒಂದೇ ಏರಿದ ದರ ಬೀಳುತ್ತದೆ. ಆ ಗಡಿಯ ಅಂಚಿನಲ್ಲಿರುವ ಮನೆಗೆ ಇಪ್ಪತ್ತು ಯೂನಿಟ್ ಎಂದರೆ ಬರಿಯ ಇಪ್ಪತ್ತು ಯೂನಿಟ್ ಆಗಿ ಉಳಿಯುವುದಿಲ್ಲ.

ಹಳೆಯ ಬಲ್ಬಿನ ಹಸಿವಿಗೆ ಕಾರಣ ಸರಳವಾಗಿದೆ. ಟಂಗ್‌ಸ್ಟನ್ ತಂತಿಯನ್ನು ಸುಮಾರು 2,500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದು ಬೆಳಗುತ್ತದೆ, ಆದರೆ ಆ ಶಕ್ತಿಯಲ್ಲಿ ಕಣ್ಣಿಗೆ ಕಾಣುವ ಬೆಳಕಾಗುವುದು ನೂರಕ್ಕೆ ಐದರಷ್ಟು ಮಾತ್ರ. ಎಲ್‌ಇಡಿಯಲ್ಲಿ ಕಾಯಿಸಿ ಬೆಳಗಿಸುವ ಪ್ರಶ್ನೆಯೇ ಇಲ್ಲ. ಎರಡು ಬಗೆಯ ಅರೆವಾಹಕ ಪದರಗಳು ಕೂಡುವಲ್ಲಿ ಇಲೆಕ್ಟ್ರಾನುಗಳು ಕೆಳಗಿನ ಶಕ್ತಿಮಟ್ಟದ ಖಾಲಿ ಜಾಗಗಳಿಗೆ ಇಳಿಯುವಾಗ ಬಿಟ್ಟುಕೊಡುವ ಶಕ್ತಿ ನೇರವಾಗಿ ಬೆಳಕಾಗುತ್ತದೆ. ಕೆಂಪು ಎಲ್‌ಇಡಿ 1962ರಲ್ಲೇ ಬಂದಿದ್ದರೂ ಮನೆ ಬೆಳಗಲು ಬೇಕಾದ ಬಿಳಿ ಬೆಳಕು ನೀಲಿಗಾಗಿ ಮೂವತ್ತು ವರ್ಷ ಕಾಯಬೇಕಾಯಿತು. ಗ್ಯಾಲಿಯಂ ನೈಟ್ರೈಡ್‌ನಿಂದ ಪ್ರಖರವಾದ ನೀಲಿ ಎಲ್‌ಇಡಿ ಸಾಧ್ಯವಾಗಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಮುರ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ಕೆಟ್ಟುಹೋದ ಎಲ್‌ಇಡಿ ಬಲ್ಬಿನ ಬಿಳಿ ಬುರುಡೆಯನ್ನು ತೆಗೆದು ನೋಡಿದರೆ ಒಳಗಿನ ತಟ್ಟೆಯಲ್ಲಿ ಹಳದಿ ಚುಕ್ಕೆಗಳು ಕಾಣುತ್ತವೆ. ಅದು ಫಾಸ್ಫರ್ ಲೇಪ. ಕೆಳಗಿನ ನೀಲಿ ಬೆಳಕಿನ ಒಂದು ಪಾಲನ್ನು ಅದು ಹಳದಿಯಾಗಿಸುತ್ತದೆ, ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳುಪಾಗಿ ತೋರುತ್ತದೆ.

ಹಳ್ಳಿಯ ಕಡೆ ಸಂಜೆ ಓಲ್ಟೇಜ್ ಬೀಳುವುದು ಹೊಸತಲ್ಲ. ವಿದ್ಯುತ್ 230ರಿಂದ 180 ವೋಲ್ಟ್‌ಗೆ ಇಳಿದರೆ ಫಿಲಮೆಂಟ್ ಬಲ್ಬಿನ ಬೆಳಕು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಕೆಂಡದಂತೆ ಮಿಣುಕುವ ಆ ಬೆಳಕಿನಲ್ಲಿ ಮಗ್ಗಿ ಕಲಿತ ತಲೆಮಾರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಳ್ಳೆಯ ಎಲ್‌ಇಡಿಯ ಬುಡದಲ್ಲಿರುವ ಡ್ರೈವರ್ ಎಂಬ ಪುಟ್ಟ ಸರ್ಕೀಟು ಪ್ರವಾಹವನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವುದರಿಂದ ಇಂತಹ ಇಳಿತ ಗೊತ್ತಾಗುವುದೇ ಇಲ್ಲ. ಆದರೆ ಅದರ ದುರ್ಬಲ ಜಾಗವೂ ಈ ಡ್ರೈವರೇ ಆಗಿದೆ. ತುಲಾ ಮಾಸದ ಸಿಡಿಲಿಗೆ ಮೊದಲು ಸುಡುವುದು ಅದು. ಗಾಳಿಯಾಡದ ಗಾಜಿನ ಬುಡ್ಡಿಯೊಳಗೆ ಹಾಕಿದರೆ ಬಿಸಿಗೆ ಬೇಗನೆ ಸೋಲುವುದೂ ಅದೇ. ಎಲ್‌ಇಡಿ ತಣ್ಣಗಿರುತ್ತದೆ ಎಂಬ ಮಾತು ಅರ್ಧ ಸತ್ಯ, ಅದರ ಬಿಸಿ ಮುಂದಕ್ಕೆ ಹೊಮ್ಮದೆ ಬುಡದಲ್ಲಿ ಸೇರಿಕೊಳ್ಳುತ್ತದೆ.

ಅಂಗಡಿಯಲ್ಲಿ ವ್ಯಾಟ್ ಕೇಳುವ ಬದಲು ಪೆಟ್ಟಿಗೆಯ ಮೇಲೆ ಬೆಳಕಿನ ಅಳತೆಯಾದ ಲ್ಯೂಮೆನ್ ಎಷ್ಟೆಂದು ಓದುವುದು ಜಾಣತನ. ಕೆಲ್ವಿನ್‌ನಲ್ಲಿ ಅಳೆಯುವ ಬೆಳಕಿನ ಬಣ್ಣದ ವಿಷಯದಲ್ಲಿ ನನ್ನದೊಂದು ತಕರಾರಿದೆ: ಎಲ್ಲ ಕೋಣೆಗಳಿಗೂ 6,500 ಕೆಲ್ವಿನ್‌ನ ಹಾಲುಬಿಳುಪನ್ನೇ ತಂದು ಹಾಕುವ ಅಭ್ಯಾಸದಿಂದ ಊಟದ ಕೋಣೆಯೂ ಆಸ್ಪತ್ರೆಯಂತೆ ಕಾಣತೊಡಗಿದೆ. 2,700 ಕೆಲ್ವಿನ್ ಹಳೆಯ ಬಲ್ಬಿನ ಹದಕ್ಕೆ ಹತ್ತಿರ. ಬಿಸಿಲಲ್ಲಿ ಒಣಗಿಸಿ ಸುಲಿದ ಚಾಲಿ ಅಡಿಕೆಯನ್ನು ರಾತ್ರಿ ಕುಳಿತು ಆರಿಸುವವರು ಬಣ್ಣಗಳನ್ನು ಸರಿಯಾಗಿ ತೋರಿಸುವ ಗುಣವನ್ನು ಸೂಚಿಸುವ ಸಿಆರ್‌ಐ ಅಂಕಿಯನ್ನೂ ನೋಡಬೇಕು; ಅದು 80ಕ್ಕಿಂತ ಕೆಳಗಿದ್ದರೆ ಬೇಡ.

ನಮ್ಮ ಜಿಲ್ಲೆಯದೇ ಆದ ಪಿಲಿಕೋಡು ಪಂಚಾಯತು ಫಿಲಮೆಂಟ್ ಬಲ್ಬುಗಳನ್ನು ಪೂರ್ತಿ ತೆಗೆದುಹಾಕಿ ಹೆಸರು ಮಾಡಿದೆ. ಫಿಲಮೆಂಟಿಗೂ ಎಲ್‌ಇಡಿಗೂ ನಡುವಿನ ಕಾಲದ, ಬಾಗಿದ ಕೊಳವೆಯ ಸಿಎಫ್‌ಎಲ್ ದೀಪಗಳಲ್ಲಿ ಕೆಲವು ಮಿಲಿಗ್ರಾಂ ಪಾದರಸವಿರುವುದರಿಂದ, ಅವನ್ನು ಗೊಬ್ಬರದ ಗುಂಡಿಗೆ ಎಸೆಯದೆ ಒಡೆಯದಂತೆ ಬೇರೆಯಾಗಿಟ್ಟು ಇ-ತ್ಯಾಜ್ಯದ ಜೊತೆಗೆ ಕೊಡಬೇಕು.

ಬಲ್ಬು ಬದಲಿಸಿದ ಮೊದಲ ರಾತ್ರಿ ನಮ್ಮ ದನದ ಹಟ್ಟಿಯ ಎಲ್‌ಇಡಿ, ಸ್ವಿಚ್ ಆರಿಸಿದ ಮೇಲೂ ಮಿಣುಕುಹುಳದಂತೆ ಹೊಳೆಯುತ್ತಿತ್ತು. ಅಮ್ಮನಿಗೆ ಅದು ಗುಳಿಗ ದೈವದ ಕಾಟವೋ ಎಂಬ ಸಂಶಯ. ಸ್ವಿಚ್ಚಿನಲ್ಲಿ ಕೆಂಪು ಸೂಚಕ ದೀಪವಿದ್ದರೆ ಹೀಗಾಗುವುದುಂಟು, ಆದರೆ ನಮ್ಮ ಸ್ವಿಚ್ಚಿನಲ್ಲಿ ಅದಿರಲಿಲ್ಲ. ವಯರ್‌ಮೆನ್ ಬಂದು, ಸ್ವಿಚ್ ಆರಿಸಿ ಹೋಲ್ಡರಿಗೆ ಟೆಸ್ಟರ್ ಮುಟ್ಟಿಸಿದರೆ ಟೆಸ್ಟರಿನ ದೀಪ ಉರಿಯಿತು. ಹಟ್ಟಿಗೆ ಲೈನ್ ಎಳೆದ ದಿನದಿಂದಲೂ ಸ್ವಿಚ್ಚನ್ನು ವಿದ್ಯುತ್ ತರುವ ಫೇಸ್ ತಂತಿಯ ಬದಲು ಅದು ಮರಳುವ ನ್ಯೂಟ್ರಲ್ ತಂತಿಗೆ ಕೊಟ್ಟಿದ್ದರು. ಹಾಗಾಗಿ ದೀಪ ಆರಿದಾಗಲೂ ಹೋಲ್ಡರಿನಲ್ಲಿ ಪೂರ್ತಿ ವಿದ್ಯುತ್ ಇತ್ತು, ತಂತಿಗಳ ನಡುವೆ ಸೋರುವ ಅತ್ಯಲ್ಪ ಪ್ರವಾಹವೇ ಎಲ್‌ಇಡಿಗೆ ಹೊಳೆಯಲು ಸಾಕಾಗಿತ್ತು. ಫಿಲಮೆಂಟ್ ಬಲ್ಬಿಗೆ ಅಷ್ಟು ಸಾಲದಾದ್ದರಿಂದ ಅಷ್ಟು ವರ್ಷಗಳಲ್ಲಿ ಯಾರಿಗೂ ಇದು ತಿಳಿದಿರಲಿಲ್ಲ. ಒದ್ದೆ ಕೈಯಲ್ಲಿ, ಒದ್ದೆ ನೆಲದಲ್ಲಿ ನಿಂತು ಆ ಹೋಲ್ಡರಿಗೆ ಎಷ್ಟು ಬಲ್ಬು ಹಾಕಿದ್ದೇವೋ! ವಯರ್‌ಮೆನ್ ಮೇನ್ ಸ್ವಿಚ್ ಆರಿಸಿ ಎರಡು ತಂತಿಗಳನ್ನು ಅದಲು ಬದಲು ಮಾಡಿದರು, ಹತ್ತು ನಿಮಿಷದ ಕೆಲಸ.